ಬಿಡುಗಡೆ ಕೇಳುವ ಹೆಣ್ಣು ನಮ್ಮ ಕತೆಗಳಲ್ಲಿ ಎಲ್ಲಿದ್ದಾಳೆ?

ಪದವಿ ತರಗತಿಯಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಬಗ್ಗೆ ಮಾತು ನಡೆದಿತ್ತು. ನಮ್ಮದು ಧಾರವಾಡ ಜಿಲ್ಲೆಯ ಒಂದು ತಾಲೂಕು ಊರಿನ ಕಾಲೇಜು. ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಗಳಿಂದ ಬೆಳಿಗ್ಗೆ ಬಸ್ಸು ಹಿಡಿದು ಬರುವ ಮಕ್ಕಳು. ನಾದಿರಾಳ ಕತೆ ಮುಗಿಯುವ ಹೊತ್ತಿಗೆ ತರಗತಿ ಸುಮ್ಮನಾಗಿತ್ತು. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮೇಡಮ್, ತಲಾಕ್ ಅಂದ್ರ ಗಂಡ ಕೊಡೋದಷ್ಟ ಏನ್ರಿ? ಹೆಣ್ಮಕ್ಕಳು ಕೇಳಾಕ ಬರೂದಿಲ್ಲೇನ್ರಿ?”

ನಾನು ಉತ್ತರ ಹುಡುಕುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಹೇಳಿದಳು: “ಬರತೈತ್ರಿ. ನಮ್ಮ ಖಾಲಾ ಖುಲಾ ತಗೊಂಡಾಳ್ರಿ.” ಖಾಲಾ ಖುಲಾ ಎಂಬ ಪ್ರಾಸಕ್ಕೆ ಇಡೀ ತರಗತಿ ನಕ್ಕಿತು. ಅವಳೂ ನಕ್ಕಳು. ಆಮೇಲೆ ತಾನಾಗಿಯೇ ಮುಂದುವರಿಸಿದಳು: “ಮೆಹರ್ ಬಿಟ್ಟುಕೊಟ್ಟಳ್ರಿ, ಬಂಗಾರಾನೂ ಬಿಟ್ಟಳು. ಆದ್ರೂ ಚೀಟಿ ಸಿಗಾಕ ಮೂರ ವರ್ಷ ಆತು.” ಖಾಲಾ ಎಂದರೆ ತಾಯಿಯ ತಂಗಿ. ಆಕೆ ಈಗ ನವಲಗುಂದದಲ್ಲಿ ಜಮಖಾನೆ ನೇಯುತ್ತಾಳಂತೆ.

ಅಂದು ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಒಂದೇ ವಿಷಯ. ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು ಕುರಿತು ಕನ್ನಡದಲ್ಲಿ ಬಂದ ಒಳ್ಳೆಯ ಕತೆ, ಕಾದಂಬರಿಗಳನ್ನು ನಾವು ಇಷ್ಟು ವರ್ಷ ಪಾಠ ಮಾಡಿದ್ದೇವೆ, ಅವುಗಳ ಬಗ್ಗೆ ಬರೆದಿದ್ದೇವೆ. ಆ ಓದುಗಳಲ್ಲಿ ‘ತಲಾಕ್’ ಶಬ್ದ ನೂರು ಸಲ ಬಂದಿರಬಹುದು. ‘ಖುಲಾ’ ಎಷ್ಟು ಸಲ ಬಂದಿದೆ? ವಿಚ್ಛೇದನ ಹೆಣ್ಣಿನ ಮೇಲೆ ಆಗುವ ಘಟನೆ ಎಂದು ಓದಲು ನಾವು ಕಲಿತಿದ್ದೇವೆ. ಅದು ಅವಳೂ ಕೇಳಬಹುದಾದ ಹಕ್ಕು ಎಂಬುದನ್ನು ಜೊತೆಗಿಟ್ಟುಕೊಂಡು ಓದಿದರೆ ಅವೇ ಕೃತಿಗಳು ಏನು ಹೇಳುತ್ತವೆ ಎಂದು ನೋಡುವ ಪ್ರಯತ್ನ ಈ ಬರಹ.

ಮೊದಲು ನಾದಿರಾಳಿಂದಲೇ ಶುರು ಮಾಡೋಣ. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಇದು. ಕಾಸರಗೋಡಿನ ಚಂದ್ರಗಿರಿ ಹೊಳೆಯ ದಂಡೆಯ ಬದುಕು. ನಾದಿರಾ, ಅವಳ ಗಂಡ ರಶೀದ್, ತಂದೆ ಮಹಮ್ಮದ್ ಖಾನ್. ಮಾವ ಅಳಿಯನ ನಡುವೆ ಹಣದ ವಿಷಯಕ್ಕೆ ಮನಸ್ತಾಪ ಹುಟ್ಟಿ, ಪರಸ್ಪರ ಪ್ರೀತಿಸುವ ಗಂಡ ಹೆಂಡಿರನ್ನು ಆ ಮನಸ್ತಾಪವೇ ಬೇರೆ ಮಾಡುತ್ತದೆ. ತಲಾಕ್ ಆಗುತ್ತದೆ. ಮತ್ತೆ ಕೂಡಿ ಬಾಳಬೇಕೆಂದರೆ ಅವಳು ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದ ತಲಾಕ್ ಪಡೆದು ಬರಬೇಕು. ನಾದಿರಾ ಆ ರಾತ್ರಿಯನ್ನು ಒಪ್ಪಿಕೊಳ್ಳಲಾರದೆ ಮಸೀದಿಯ ಕೊಳದ ಪಾಲಾಗುತ್ತಾಳೆ.

ಈ ಕಾದಂಬರಿಯಲ್ಲಿ ಕ್ರಿಯಾಪದಗಳೆಲ್ಲ ಗಂಡಸರ ಪಾಲಿಗೆ ಹೋಗಿವೆ. ಮದುವೆ ಮಾಡಿಸುವವನು ತಂದೆ. ತವರಿನಲ್ಲಿ ಉಳಿಸಿಕೊಳ್ಳುವವನು ತಂದೆ. ತಲಾಕ್ ಕೊಡುವವನು ಗಂಡ. ಮತ್ತೆ ಕೂಡುವ ಷರತ್ತು ಹೇಳುವವರು ಊರ ಹಿರಿಯರು. ನಾದಿರಾಳ ಪಾಲಿಗೆ ಉಳಿದ ಒಂದೇ ಒಂದು ಸ್ವಂತ ಕ್ರಿಯೆ ಸಾವು. ಸಾರಾ ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಕತೆ ಕಟ್ಟಿದ ರೀತಿಯಿಂದಲೇ ಕಾಣಿಸುತ್ತಾರೆ. ಕಾದಂಬರಿಯ ನಿಜವಾದ ಬಲ ಇರುವುದು ಇಲ್ಲಿ.

ಆದರೆ ನಾವು ಓದುಗರು ಇಲ್ಲೊಂದು ಹೆಜ್ಜೆ ತಪ್ಪುತ್ತೇವೆ. ‘ಅವರ ಶಾಸ್ತ್ರವೇ ಹಾಗೆ’ ಎಂದು ಕಣ್ಣೊರೆಸಿಕೊಂಡು ಪುಸ್ತಕ ಮುಚ್ಚುತ್ತೇವೆ. ಶಾಸ್ತ್ರದಲ್ಲಿ ಏನಿದೆ ಎಂದು ಒಮ್ಮೆ ತೆರೆದು ನೋಡಿದರೆ ನಾದಿರಾಳ ದುರಂತ ಇನ್ನಷ್ಟು ಕಠಿಣವಾಗಿ ಕಾಣುತ್ತದೆ. ಒಂದು ರಾತ್ರಿಯ ಮದುವೆಯ ಪ್ರಶ್ನೆ ಏಳುವುದು ಮೂರನೆಯ ತಲಾಕ್ ಆದ ಮೇಲೆ. ಒಂದು ತಲಾಕ್ ಹೇಳಿ, ಇದ್ದತ್ ಅವಧಿ ಮುಗಿದಿದ್ದರೂ, ಆ ಗಂಡ ಹೆಂಡತಿ ಹೊಸ ನಿಕಾಹ್ ಮಾಡಿಕೊಂಡು ಕೂಡಬಹುದು. ನಡುವೆ ಯಾವ ಮೂರನೆಯವನೂ ಬೇಕಿಲ್ಲ. ಒಂದೇ ಸಲ ಹೇಳಿದ ಮೂರನ್ನು ಮೂರು ಎಂದೇ ಎಣಿಸಬೇಕೋ ಒಂದು ಎಂದು ಎಣಿಸಬೇಕೋ ಎಂಬ ಬಗ್ಗೆ ಮುಸ್ಲಿಂ ಪಂಡಿತರಲ್ಲೇ ಭಿನ್ನಾಭಿಪ್ರಾಯ ಉಂಟು. ಇತ್ತ ಸುಪ್ರೀಂ ಕೋರ್ಟು 2002ರ ಶಮೀಮ್ ಆರಾ ಪ್ರಕರಣದಲ್ಲಿ, ತಲಾಕಿಗೆ ತಕ್ಕ ಕಾರಣವಿರಬೇಕು, ಅದಕ್ಕೂ ಮೊದಲು ಎರಡೂ ಕಡೆಯವರು ಕೂತು ರಾಜಿಗೆ ಪ್ರಯತ್ನಿಸಿರಬೇಕು ಎಂದಿತು. 2017ರಲ್ಲಿ ಶಾಯರಾ ಬಾನು ಪ್ರಕರಣದಲ್ಲಿ ಒಂದೇ ಉಸಿರಿನ ಮೂರು ತಲಾಕನ್ನೇ ತಳ್ಳಿಹಾಕಿತು. 2019ರ ಕಾಯ್ದೆ ಅದನ್ನು ಅಪರಾಧವನ್ನಾಗಿ ಮಾಡಿತು. ಅಂದರೆ ಇಂದಿನ ನ್ಯಾಯಾಲಯದ ಅಳತೆಯಲ್ಲಿ ನಾದಿರಾ ರಶೀದನ ಹೆಂಡತಿಯಾಗಿಯೇ ಉಳಿಯುತ್ತಿದ್ದಳು. ಅವಳನ್ನು ಕೊಂದದ್ದು ಒಂದು ವ್ಯಾಖ್ಯಾನ. ಆ ವ್ಯಾಖ್ಯಾನ ಮಾಡುವ ಕೂಟದಲ್ಲಿ ಅವಳಿಗಾಗಲಿ ಅವಳ ತಾಯಿಗಾಗಲಿ ಕೂರಲು ಜಾಗ ಇರಲಿಲ್ಲ.

ಇನ್ನೂ ಒಂದು ಸಂಗತಿ ಇದೆ. ಚಂದ್ರಗಿರಿ ಹರಿಯುವ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಅಲ್ಲಿನ ಹೆಣ್ಣುಮಕ್ಕಳಿಗೆ ಅನ್ವಯಿಸುವುದು ಕೇರಳ ಹೈಕೋರ್ಟಿನ ಮಾತು. ಮುಸ್ಲಿಂ ಹೆಣ್ಣು ನ್ಯಾಯಾಲಯದ ಹೊರಗೆ ತಾನಾಗಿ ಮದುವೆಯನ್ನು ಕೊನೆಗೊಳಿಸುವಂತಿಲ್ಲ ಎಂದು ಆ ಹೈಕೋರ್ಟು 1972ರಲ್ಲಿ ತೀರ್ಪು ಕೊಟ್ಟಿತ್ತು. ಆ ತೀರ್ಪನ್ನು ಅದೇ ಹೈಕೋರ್ಟು ರದ್ದುಮಾಡಿದ್ದು 2021ರ ಏಪ್ರಿಲಿನಲ್ಲಿ. ನಾದಿರಾಳ ಕತೆ ಬಂದ 1981 ಈ ನಲವತ್ತೊಂಬತ್ತು ವರ್ಷಗಳ ನಡುವೆಯೇ ಬೀಳುತ್ತದೆ. ಗಂಡಸಿನ ಬಾಯಿಮಾತು ಮದುವೆ ಮುರಿಯುತ್ತಿದ್ದ ಅದೇ ಕಾಲದಲ್ಲಿ, ಅದೇ ದಂಡೆಯಲ್ಲಿ, ಹೆಂಗಸಿನ ಮಾತಿಗೆ ಕಾನೂನಿನ ಕಿವಿ ಮುಚ್ಚಿತ್ತು. ಸಾರಾ ಈ ತೀರ್ಪನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರು ಎಂದು ನಾನು ಹೇಳುತ್ತಿಲ್ಲ. ನಾದಿರಾಳ ಮೌನಕ್ಕೆ ಅವಳ ಸ್ವಭಾವದ ಆಚೆಗೂ ಕಾರಣಗಳಿದ್ದವು ಎಂದು ತೋರಿಸಲು ಈ ಎರಡು ಇಸವಿಗಳು ಸಾಕು.

ಹಾಗಾದರೆ ಹೆಣ್ಣಿಗೆ ಇರುವ ದಾರಿಗಳು ಯಾವುವು? ಸಾಹಿತ್ಯದ ವಿದ್ಯಾರ್ಥಿಗಳೂ ಇವನ್ನು ತಿಳಿದಿರಬೇಕು. ಇಲ್ಲದಿದ್ದರೆ ಪಾತ್ರಗಳು ಯಾವ ಬಾಗಿಲನ್ನು ತಟ್ಟಲಿಲ್ಲ ಎಂಬುದೇ ನಮಗೆ ಗೊತ್ತಾಗುವುದಿಲ್ಲ. ಗಂಡ ಕೊಡುವುದು ತಲಾಕ್. ಹೆಂಡತಿ ತಾನಾಗಿ ಕೇಳಿ, ಸಾಮಾನ್ಯವಾಗಿ ಮೆಹರನ್ನು ಬಿಟ್ಟುಕೊಟ್ಟು ಹೊರಬರುವುದು ಖುಲಾ. ಇಬ್ಬರೂ ಒಪ್ಪಿ ಬೇರೆಯಾಗುವುದು ಮುಬಾರಾತ್. ಇಂಥಿಂಥ ಸಂದರ್ಭದಲ್ಲಿ ಹೆಂಡತಿಯೇ ತಲಾಕ್ ಹೇಳಿಕೊಳ್ಳಬಹುದು ಎಂದು ಗಂಡ ಮೊದಲೇ ಒಪ್ಪಿ ಅಧಿಕಾರ ಕೊಡುವುದು ತಫ್ವೀಜ್; ಇದನ್ನು ನಿಕಾಹನಾಮೆಯಲ್ಲೇ ಬರೆಸಬಹುದು. ಖಾಜಿಯೋ ನ್ಯಾಯಾಧೀಶರೋ ಮದುವೆಯನ್ನು ರದ್ದು ಮಾಡುವುದು ಫಸ್ಖ್.

ಖುಲಾಕ್ಕೆ ಆಧಾರ ಕುರಾನಿನ ಎರಡನೆಯ ಅಧ್ಯಾಯದಲ್ಲಿದೆ. ಹದೀಸಿನಲ್ಲಿ ಬರುವ ಸಾಬಿತ್ ಬಿನ್ ಕೈಸ್ ಅವರ ಹೆಂಡತಿಯ ಪ್ರಸಂಗ ಪ್ರಸಿದ್ಧ. ಆಕೆ ಪ್ರವಾದಿಯವರ ಬಳಿ ಬಂದು, ತನ್ನ ಗಂಡನ ನಡತೆಯಲ್ಲಾಗಲಿ ಧರ್ಮದಲ್ಲಾಗಲಿ ದೋಷ ಹೇಳುವುದಿಲ್ಲ, ಆದರೆ ಅವನ ಜೊತೆ ಬಾಳಲಾರೆ ಎಂದಳು. ಅವನು ಮೆಹರಾಗಿ ಕೊಟ್ಟ ತೋಟವನ್ನು ಹಿಂದಿರುಗಿಸುವೆಯಾ ಎಂಬ ಪ್ರಶ್ನೆಗೆ ಹೂಂ ಎಂದಳು. ಬಿಡುಗಡೆಯಾಯಿತು. ಆಕೆಗೆ ಯಾರೂ ಸಾಕ್ಷಿ ಕೇಳಲಿಲ್ಲ, ವರ್ಷಗಟ್ಟಲೆ ಕಾಯಿಸಲಿಲ್ಲ. ‘ಬಾಳಲಾರೆ’ ಎಂಬುದೇ ಕಾರಣವಾಗಿ ನಿಂತಿತು.

ಇದು ಮುಂದೆ ಶಾಸ್ತ್ರಗ್ರಂಥಗಳಲ್ಲಿ ಇಕ್ಕಟ್ಟಾಯಿತು. ಭಾರತದ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಪದ್ಧತಿಯಲ್ಲಿ ಖುಲಾಕ್ಕೆ ಗಂಡನ ಒಪ್ಪಿಗೆ ಬೇಕು ಎಂಬ ಅಭಿಪ್ರಾಯ ಬೇರೂರಿತು. ಗಂಡ ಬಿಟ್ಟುಹೋದರೂ, ಅನ್ನ ಹಾಕದಿದ್ದರೂ ಹೆಣ್ಣಿಗೆ ಬಿಡುಗಡೆಯ ದಾರಿ ಬಹಳ ಕಿರಿದಾಯಿತು. ಪಂಜಾಬಿನಲ್ಲಿ ಕೆಲವು ಹೆಣ್ಣುಮಕ್ಕಳು ಮದುವೆಯಿಂದ ಪಾರಾಗಲು ಧರ್ಮವನ್ನೇ ಬಿಡುವ ಪರಿಸ್ಥಿತಿ ಬಂತು. ಆಗ ಮೌಲಾನಾ ಅಶ್ರಫ್ ಅಲಿ ಥಾನವಿಯವರಂಥ ವಿದ್ವಾಂಸರೇ ಮಾಲಿಕಿ ಪದ್ಧತಿಯಲ್ಲಿರುವ ಉದಾರ ನಿಯಮಗಳನ್ನು ಎರವಲು ತರಬಹುದು ಎಂದು ವಾದಿಸಿದರು. ಅದರ ಫಲವೇ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ.

ಧಾರವಾಡ ಆಗ ಮುಂಬಯಿ ಪ್ರಾಂತದ ಜಿಲ್ಲೆ. 1939ರಿಂದ ಇಲ್ಲಿಯ ಮುಸ್ಲಿಂ ಹೆಣ್ಣು ಕಾನೂನಿನ ಕಾರಣಗಳನ್ನು ತೋರಿಸಿ ಕೋರ್ಟಿನಲ್ಲಿ ವಿಚ್ಛೇದನ ಕೇಳಬಹುದಾಗಿತ್ತು. ಅದೇ ಊರಿನ ಹಿಂದೂ ಹೆಣ್ಣಿಗೆ ಅಂಥ ಕಾಯ್ದೆ ಬಂದದ್ದು ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆಯ ಮೂಲಕ, 1947ರಲ್ಲಿ. ಇಡೀ ದೇಶಕ್ಕೆ ಬಂದದ್ದು 1955ರಲ್ಲಿ. ಕಾಯ್ದೆಯ ಹೊರಗೆ ನಮ್ಮ ಕಡೆಯ ಅನೇಕ ಜಾತಿಗಳಲ್ಲಿ ಸೋಡಚೀಟಿ ಇತ್ತು, ಉಡಿಕೆ ಮದುವೆ ಇತ್ತು. ಗಂಡನನ್ನು ಬಿಟ್ಟ ಹೆಣ್ಣು ಮತ್ತೆ ಸೀರೆ ಉಡಿಸಿಕೊಂಡು ಇನ್ನೊಂದು ಮನೆ ಸೇರುವುದು ಈ ನೆಲಕ್ಕೆ ಹೊಸದಲ್ಲ. ತರಗತಿಯಲ್ಲಿ ಈ ಇಸವಿಗಳನ್ನು ಹಲಗೆಯ ಮೇಲೆ ಬರೆದಾಗ ಮಕ್ಕಳು ಬೆರಗಾದರು. ಒಂದು ಸಮಾಜ ಮುಂದೆ, ಇನ್ನೊಂದು ಹಿಂದೆ ಎಂಬ ಸುಲಭದ ಲೆಕ್ಕ ಅಲ್ಲಿಗೆ ತಪ್ಪಿತು.

1939ರ ಕಾಯ್ದೆಯನ್ನು ಒಂದು ಪಠ್ಯದಂತೆ ಓದಿದರೆ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಅದರ ಎರಡನೆಯ ಕಲಮಿನ ತುಂಬ ವರ್ಷಗಳ ಲೆಕ್ಕ. ಗಂಡ ನಾಲ್ಕು ವರ್ಷ ನಾಪತ್ತೆಯಾಗಿರಬೇಕು. ಎರಡು ವರ್ಷ ಜೀವನಾಂಶ ಕೊಟ್ಟಿರಬಾರದು. ಏಳು ವರ್ಷ ಅಥವಾ ಹೆಚ್ಚಿನ ಸೆರೆವಾಸದ ಶಿಕ್ಷೆಯಾಗಿರಬೇಕು. ಮೂರು ವರ್ಷ ದಾಂಪತ್ಯದ ಹೊಣೆ ನಿರ್ವಹಿಸಿರಬಾರದು. ಇವಲ್ಲದೆ ಕ್ರೌರ್ಯವೇ ಮೊದಲಾದ ಇತರ ಕಾರಣಗಳೂ ಇವೆ. ಗಂಡಸಿನ ಹಕ್ಕಿಗೆ ಒಂದು ಉಸಿರು ಸಾಕಾಗಿದ್ದ ಕಾಲದಲ್ಲಿ ಹೆಂಗಸಿನ ಹಕ್ಕನ್ನು ವರ್ಷಗಳಲ್ಲಿ ಅಳೆಯಲಾಗಿತ್ತು. ಬಾನು ಮುಷ್ತಾಕ್ ಅವರ ಕತೆಗಳಲ್ಲಿ ಈ ಕಾಯುವಿಕೆ ಮೈಮೇಲೆ ಬರುತ್ತದೆ.

ಬಾನು ಹಾಸನದವರು, ವಕೀಲರು, ಬಂಡಾಯದ ಕಾಲದಿಂದ ಬರೆದವರು. ಅವರ ಕತೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ದೀಪಾ ಭಾಸ್ತಿ ಅವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದ ಮೇಲೆ ಹೊಸ ಓದುಗರು ಬಂದಿದ್ದಾರೆ. ‘ಕರಿ ನಾಗರಗಳು’ ಕತೆಯ ಆಶ್ರಫ್ ಹೆಣ್ಣುಮಕ್ಕಳನ್ನೇ ಹೆತ್ತಳು ಎಂಬ ಕಾರಣಕ್ಕೆ ಗಂಡ ಬಿಟ್ಟುಹೋದವಳು. ಮಗುವಿಗೆ ಕಾಯಿಲೆ, ಕೈಯಲ್ಲಿ ಕಾಸಿಲ್ಲ. ನ್ಯಾಯ ಕೇಳಿ ಮಸೀದಿಯ ಮುತವಲ್ಲಿಯ ಬಳಿ ಅಲೆಯುತ್ತಾಳೆ. ಮುತವಲ್ಲಿಗೆ ಅವಳನ್ನು ಕಾಯಿಸುವುದು ಕಷ್ಟವೇನಲ್ಲ. ಕೊನೆಗೆ ಮಸೀದಿಯ ಅಂಗಳದಲ್ಲಿ ಮಗು ಸಾಯುತ್ತದೆ. ಊರಿನ ಹೆಂಗಸರೆಲ್ಲ ಮುತವಲ್ಲಿಗೆ ಶಾಪ ಹಾಕುತ್ತಾರೆ. ಅವನ ಹೆಂಡತಿ, ಇನ್ನು ಹೆರುವುದಿಲ್ಲ ಎಂದು, ಆಪರೇಷನ್ ಮಾಡಿಸಿಕೊಳ್ಳಲು ಹೊರಡುತ್ತಾಳೆ.

ಈ ಕತೆಯಲ್ಲಿ ತಲಾಕ್ ಸಮಸ್ಯೆಯೇ ಅಲ್ಲ. ಗಂಡ ಬಿಟ್ಟಿದ್ದಾನೆ, ಬಿಡುಗಡೆ ಕೊಟ್ಟಿಲ್ಲ. ಹೆಂಡತಿಯನ್ನು ಅತ್ತ ಗಂಡನುಳ್ಳವಳೂ ಅಲ್ಲ, ಇತ್ತ ಬಿಡುಗಡೆಯಾದವಳೂ ಅಲ್ಲ ಎಂಬಂತೆ ತೂಗುಬಿಡಬೇಡಿ ಎಂಬ ಎಚ್ಚರಿಕೆ ಕುರಾನಿನ ನಾಲ್ಕನೆಯ ಅಧ್ಯಾಯದಲ್ಲೇ ಇದೆ. ಆಶ್ರಫ್ ಹಾಗೆ ತೂಗುಬಿಟ್ಟ ಹೆಣ್ಣು. ಮೂರು ತಲಾಕನ್ನು ರದ್ದು ಮಾಡಿದ ಕಾಯ್ದೆ ಇಂಥವಳ ಮನೆಯ ಬಾಗಿಲಿಗೆ ಬರುವುದಿಲ್ಲ. 2019ರ ನಂತರ ‘ಸಮಸ್ಯೆ ಮುಗಿಯಿತು’ ಎಂದು ಹೇಳುವವರು ಬಾನು ಅವರ ಈ ಕತೆಯನ್ನು ಓದಬೇಕು.

ಆಶ್ರಫಳಿಗೆ ಅವಳ ಹಕ್ಕುಗಳನ್ನು ತಿಳಿಸಿಕೊಡುವ ಓದಿದ ಹೆಣ್ಣೊಬ್ಬಳನ್ನು ಬಾನು ಕತೆಯೊಳಗೆ ತಂದಿದ್ದಾರೆ. ಧರ್ಮ ಏನು ಹೇಳುತ್ತದೆ ಎಂಬ ಮಾತು ಹೆಣ್ಣಿನಿಂದ ಹೆಣ್ಣಿಗೆ ದಾಟುವ ಗಳಿಗೆ ಅದು. ನಾದಿರಾಳಿಗೆ ಇಲ್ಲದಿದ್ದ ಗೆಳತಿ ಇವಳಿಗೆ ಸಿಕ್ಕಿದ್ದಾಳೆ. ಆದರೂ ಆಶ್ರಫ್ ಆ ತಿಳಿವಳಿಕೆಯನ್ನು ಹಿಡಿದು ಹೋಗುವುದು ಮುತವಲ್ಲಿಯ ಬಳಿಗೇ, ಕೇಳುವುದು ಜೀವನಾಂಶವನ್ನೇ. ಎರಡು ವರ್ಷ ಅನ್ನ ಹಾಕದ ಗಂಡನಿಂದ ಕೋರ್ಟಿನಲ್ಲಿ ಬಿಡುಗಡೆ ಕೇಳಬಹುದು ಎಂಬ ದಾರಿ ಕತೆಯಲ್ಲಿ ಮುನ್ನೆಲೆಗೆ ಬರುವುದಿಲ್ಲ. ಇದನ್ನು ಕತೆಯ ದೋಷ ಎನ್ನುವುದು ಸರಿಯಲ್ಲ. ಮೂರು ಮಕ್ಕಳ ತಾಯಿಗೆ ಮೊದಲು ಬೇಕಾದದ್ದು ಔಷಧಿಯ ದುಡ್ಡು. ಗಿರೀಶ ಕಾಸರವಳ್ಳಿಯವರು ಇದೇ ಕತೆಯಿಂದ 2004ರಲ್ಲಿ ‘ಹಸೀನಾ’ ಮಾಡಿದಾಗ ಆ ಹೆಣ್ಣು ಮಸೀದಿಯ ಎದುರು ಕೂತ ದೃಶ್ಯವನ್ನೇ ಚಿತ್ರದ ಕೇಂದ್ರಕ್ಕೆ ತಂದರು. ತಾರಾ ಅವರ ನಟನೆಗೆ ರಾಷ್ಟ್ರಪ್ರಶಸ್ತಿ ಬಂತು. ನಾದಿರಾ ಮಸೀದಿಯ ಕೊಳದಲ್ಲಿ ಮುಳುಗಿದಳು; ಇವಳು ಮಸೀದಿಯ ಮುಂದೆ ಕೂತಳು. ಎರಡರ ನಡುವೆ ಕನ್ನಡ ಕಥನ ನಡೆದ ದೂರ ಸಣ್ಣದಲ್ಲ.

ಬಾನು ಅವರ ‘ಎದೆಯ ಹಣತೆ’ಯ ಮೆಹರುನ್ ಮಾತ್ರ ಗಂಡನ ಮನೆಗೆ ಹಿಂದಿರುಗುವುದಿಲ್ಲ ಎಂದು ಹೊರಟು ಬಂದವಳು. ಗಂಡ ಇನ್ನೊಬ್ಬಳನ್ನು ಹಚ್ಚಿಕೊಂಡಿದ್ದಾನೆ. ಕೈಗೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಲ್ಲಿ ಅಣ್ಣತಮ್ಮಂದಿರು ಮನೆತನದ ಮರ್ಯಾದೆಯ ಮಾತಾಡಿ ಅವಳನ್ನು ಅದೇ ಗಂಡನ ಮನೆಗೆ ಬಿಟ್ಟು ಬರುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಹಿರಿಯ ಮಗಳು ಸಲ್ಮಾ ಕೂಸನ್ನು ಎತ್ತಿಕೊಂಡು ಬಂದು ತಡೆಯುತ್ತಾಳೆ.

ಇಲ್ಲಿ ಮುತವಲ್ಲಿ ಇಲ್ಲ, ಶಾಸ್ತ್ರದ ಚರ್ಚೆ ಇಲ್ಲ. ಹೆಣ್ಣಿನ ಹಕ್ಕು ಸೋಲುವುದು ತವರಿನ ಹೊಸ್ತಿಲಲ್ಲಿ. ಈ ಕತೆಯನ್ನು ಓದುವಾಗ ನಮ್ಮ ತರಗತಿಯ ಯಾವ ಹುಡುಗಿಯೂ, ಯಾವ ಜಾತಿಯವಳೇ ಆಗಲಿ, ಇದು ‘ಅವರ’ ಕತೆ ಎನ್ನಲಿಲ್ಲ. ಕುಂದಗೋಳದ ಹಳ್ಳಿಯ ಲಿಂಗಾಯತರ ಮನೆಯಲ್ಲೂ, ಕಲಘಟಗಿಯ ಮರಾಠರ ಮನೆಯಲ್ಲೂ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಖುಲಾ ಎಂಬುದು ಗ್ರಂಥದಲ್ಲಿ ಎಷ್ಟೇ ಸ್ಪಷ್ಟವಾಗಿರಲಿ, ಕೇಳಿದ ರಾತ್ರಿ ಮಲಗಲು ಒಂದು ಮನೆ ಬೇಕು. ಮೆಹರುನ್‌ಗೆ ಅದು ಸಿಗಲಿಲ್ಲ. ಹಕ್ಕಿನ ಚರ್ಚೆಯಲ್ಲಿ ಕಾನೂನಿನವರು ಬಿಟ್ಟುಬಿಡುವ ಈ ವಿಷಯವನ್ನು, ಸ್ವತಃ ವಕೀಲೆಯಾದ ಬಾನು ಕತೆಗಾರ್ತಿಯಾಗಿ ಹಿಡಿದಿಟ್ಟರು.

ನ್ಯಾಯಾಲಯಗಳು ಈ ನಡುವೆ ಸುಮ್ಮನೆ ಕೂತಿಲ್ಲ. 1960ರಲ್ಲೇ ಅಲಹಾಬಾದ್ ಹೈಕೋರ್ಟು, ಗಂಡನ ಎರಡನೆಯ ಮದುವೆ ಮೊದಲ ಹೆಂಡತಿಗೆ ಕ್ರೌರ್ಯವಾಗಬಲ್ಲದು ಎಂದು ಗುರುತಿಸಿತ್ತು. 1970ರಲ್ಲಿ ಕೇರಳದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್, ಎರಡು ವರ್ಷ ಜೀವನಾಂಶ ಸಿಗದಿದ್ದರೆ ಸಾಕು, ತಪ್ಪು ಯಾರದು ಎಂಬ ವಿಚಾರಣೆ ಬೇಡ, ಹೆಣ್ಣಿಗೆ ವಿಚ್ಛೇದನ ಸಿಗಬೇಕು ಎಂದು 1939ರ ಕಾಯ್ದೆಯನ್ನು ಅರ್ಥೈಸಿದರು. ನಮ್ಮ ಪಕ್ಕದ ವಿಜಯಪುರದ ಪ್ರಕರಣವೊಂದರಲ್ಲಿ ಗಂಡ ಇನ್ನೊಂದು ಮದುವೆಯಾಗಿದ್ದ. ಮೊದಲ ಹೆಂಡತಿ ವಿಚ್ಛೇದನ ಪಡೆದಳು. ಶರಿಯತ್ತಿನಲ್ಲಿ ಅದಕ್ಕೆ ಅನುಮತಿ ಇದೆಯಲ್ಲ ಎಂದು ಅವನು ಮೇಲ್ಮನವಿ ಹಾಕಿದ. 2020ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠ ಅದನ್ನು ವಜಾ ಮಾಡಿತು. ಎರಡನೆಯ ಮದುವೆ ಕಾನೂನುಬದ್ಧವಾಗಿರಬಹುದು, ಆದರೂ ಮೊದಲ ಹೆಂಡತಿಗೆ ಅದು ಕ್ರೌರ್ಯವಾಗಬಲ್ಲದು, ಅವಳು ಬಿಡುಗಡೆ ಕೇಳಬಹುದು ಎಂಬುದು ಆ ತೀರ್ಪಿನ ಸಾರ. ಅನುಮತಿ ಬೇರೆ, ಅದನ್ನು ಸಹಿಸಬೇಕೆಂಬ ಕಡ್ಡಾಯ ಬೇರೆ ಎಂದು ನಮ್ಮದೇ ಹೈಕೋರ್ಟು ಬಿಡಿಸಿ ಹೇಳಿತು.

ಖುಲಾದ ಮಾತಿಗೆ ಬಂದರೆ, ಕೇರಳ ಹೈಕೋರ್ಟು 2021ರಲ್ಲಿ ಆಧಾರ ಮಾಡಿಕೊಂಡದ್ದು 1937ರ ಶರಿಯತ್ ಕಾಯ್ದೆಯನ್ನು. ಅದರಲ್ಲಿ ತಲಾಕಿನ ಜೊತೆಗೇ ಖುಲಾ ಎಂಬ ಹೆಸರೂ ಇದೆ. ಗಂಡ ಒಪ್ಪದಿದ್ದರೂ ಖುಲಾ ಹೆಂಡತಿಯ ಹಕ್ಕು ಎಂದು ಅದು 2022ರಲ್ಲಿ ಮರುಪರಿಶೀಲನಾ ಅರ್ಜಿಯನ್ನು ತಳ್ಳಿಹಾಕುವಾಗ ಮತ್ತೆ ಹೇಳಿತು. ಮದ್ರಾಸ್ ಹೈಕೋರ್ಟು 2023ರಲ್ಲಿ ಇನ್ನೊಂದು ಬದಿಯಿಂದ ನೋಡಿತು: ಶರಿಯತ್ ಕೌನ್ಸಿಲಿನಂಥ ಖಾಸಗಿ ಕೂಟ ಖುಲಾ ಪ್ರಮಾಣಪತ್ರ ಕೊಡುವಂತಿಲ್ಲ, ಹೆಣ್ಣು ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಬೇಕು. 2025ರ ಜೂನಿನಲ್ಲಿ ತೆಲಂಗಾಣ ಹೈಕೋರ್ಟು, ಖುಲಾಕ್ಕೆ ಗಂಡನ ಒಪ್ಪಿಗೆ ಬೇಕಿಲ್ಲ, ಮುಫ್ತಿಯ ಪತ್ರ ಬರೀ ಸಲಹೆ, ವಿವಾದ ಬಂದಾಗ ನ್ಯಾಯಾಲಯ ಅವಳ ನಿರ್ಧಾರಕ್ಕೆ ಮುದ್ರೆ ಒತ್ತುತ್ತದೆ ಎಂದಿತು. ಬೇರೆ ರಾಜ್ಯಗಳ ಈ ತೀರ್ಪುಗಳು ಧಾರವಾಡದ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ, ದಾರಿ ತೋರಿಸಬಹುದು.

ಇನ್ನು ಹಳ್ಳಿಯಲ್ಲಿ ಆಗುವುದೇನು? ನನ್ನ ವಿದ್ಯಾರ್ಥಿನಿಯ ಖಾಲಾಗೆ ಆದದ್ದೇ. ಜಮಾತಿನ ಹಿರಿಯರು ಗಂಡನ ಸಹಿ ಬೇಕೆಂದರು. ಗಂಡ ಸಹಿಗೆ ಬೆಲೆ ಕೇಳಿದ. ಮೆಹರ್ ಹೋಯಿತು, ಬಂಗಾರ ಹೋಯಿತು, ಮೂರು ವರ್ಷ ಹೋದವು. ಅವಳಿಗೆ ಯಾರೂ ಹೇಳದ ಸಂಗತಿ ಒಂದಿತ್ತು. 1939ರ ಕಾಯ್ದೆಯಡಿ ಕೋರ್ಟಿನಲ್ಲಿ ಬಿಡುಗಡೆ ಪಡೆದರೆ ಮೆಹರಿನ ಹಕ್ಕು ಉಳಿಯುತ್ತದೆ. ಆ ಕಾಯ್ದೆಯ ಐದನೆಯ ಕಲಮು ಹಾಗೆ ಹೇಳುತ್ತದೆ. ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಉಚಿತ ವಕೀಲರು ಸಿಗುತ್ತಾರೆ. ವಿಚ್ಛೇದನದ ನಂತರವೂ ಜೀವನಾಂಶ ಕೇಳಬಹುದು ಎಂದು ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. 2008ರಿಂದ ಹೈಕೋರ್ಟಿನ ಪೀಠ ಧಾರವಾಡದಲ್ಲೇ ಇದೆ. ಕಟ್ಟಡ ಹತ್ತಿರ ಬಂದಿದೆ. ಸುದ್ದಿ ಇನ್ನೂ ಹಳ್ಳಿಯ ಬಸ್ಸು ಹತ್ತಬೇಕಾಗಿದೆ.

ಇಷ್ಟೆಲ್ಲ ಹೇಳಿದ ಮೇಲೆ ವಿಮರ್ಶೆಯ ಕಡೆಗೆ ತಿರುಗುತ್ತೇನೆ. ಈ ಕೃತಿಗಳನ್ನು ಓದುವ ಎರಡು ರೂಢಿಗಳು ನಮ್ಮಲ್ಲಿವೆ. ಕತೆಯನ್ನು ಸಾಕ್ಷಿಯಾಗಿ ಎತ್ತಿ ಹಿಡಿದು ಒಂದು ಇಡೀ ಸಮುದಾಯವನ್ನು ಕಟಕಟೆಗೆ ನಿಲ್ಲಿಸುವುದು ಒಂದು. ಆ ಅಪಾಯಕ್ಕೆ ಹೆದರಿ, ಕತೆಯೊಳಗಿನ ಸಿಟ್ಟನ್ನೇ ಮೆದುಗೊಳಿಸಿ ‘ಮಾನವೀಯ ಸಂವೇದನೆ’ ಎಂದು ತೇಲಿಸಿಬಿಡುವುದು ಇನ್ನೊಂದು. ಸಾರಾ, ಬಾನು ಇಬ್ಬರೂ ತಮ್ಮ ಜನರ ನಡುವೆಯೇ ನಿಂತು ಬರೆದವರು. ಮಸೀದಿಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಬೇಕೆಂದ ಕಾರಣಕ್ಕೆ 2000ದಲ್ಲಿ ಬಾನು ಸಾಮಾಜಿಕ ಬಹಿಷ್ಕಾರ ಎದುರಿಸಿದರು. ಅವರ ಜಗಳ ಧರ್ಮವನ್ನು ಕಾಯುತ್ತೇವೆ ಎನ್ನುವ ಗಂಡಸರ ಜೊತೆಗೆ, ಅದೂ ಆ ಧರ್ಮದ ಮಾತಿನಲ್ಲೇ. ಎರಡೂ ರೂಢಿಯ ಓದುಗಳು ಈ ಜಗಳವನ್ನು ಕೇಳಿಸಿಕೊಳ್ಳುವುದಿಲ್ಲ. ಎರಡರಲ್ಲೂ ಹೆಣ್ಣು ಕರುಣೆಯ ವಸ್ತುವಾಗಿಯೇ ಉಳಿಯುತ್ತಾಳೆ.

ನನ್ನ ತಕರಾರು ಒಂದಿದ್ದರೆ ಅದು ಇದು. ನಾದಿರಾ ಮುಳುಗಿದಳು, ಆಶ್ರಫಳ ಮಗು ಸತ್ತಿತು, ಮೆಹರುನ್ ಬೆಂಕಿಯ ಅಂಚಿನಿಂದ ಹಿಂದೆ ಬಂದಳು. ನಾವು ಪಾಠಕ್ಕೆ ಮತ್ತೆ ಮತ್ತೆ ಆರಿಸುವ ಈ ಮೂರೂ ಕತೆಗಳಲ್ಲಿ ಸಾವು ಇಲ್ಲವೇ ಸಾವಿನ ನೆರಳೇ ಹೆಣ್ಣಿನ ಮಾತಿಗೆ ತೂಕ ಕೊಡುತ್ತದೆ. ಬರೆದ ಕಾಲಕ್ಕೆ ಆ ತೂಕ ಬೇಕಿತ್ತು, ಓದುಗರು ಅದಿಲ್ಲದೆ ತಲೆಯೆತ್ತಿ ನೋಡುತ್ತಿರಲಿಲ್ಲ. ಆದರೆ ಹದಿನೆಂಟು ಹತ್ತೊಂಬತ್ತರ ಹುಡುಗಿಯರು ಇವನ್ನಷ್ಟೇ ಓದಿದರೆ, ಕೆಟ್ಟ ಮದುವೆಗೆ ಬಾಗಿಲು ಒಂದೇ ಎಂದು ತಿಳಿಯುವ ಅಪಾಯ ಇದೆ. ಖುಲಾ ಪಡೆದು, ಮರುದಿನ ಬೆಳಿಗ್ಗೆ ಎದ್ದು, ಚಹಾ ಮಾಡಿ, ಕೆಲಸಕ್ಕೆ ಕೂತ ಹೆಣ್ಣಿನ ಕತೆ ನಮ್ಮ ಪಾಠಪಟ್ಟಿಯಲ್ಲಿ ಎಲ್ಲಿದೆ? ಅಂಥ ಕತೆಯನ್ನು ಹುಡುಕುವುದು, ಸಿಗದಿದ್ದರೆ ಬರೆಯಿರಿ ಎಂದು ಕೇಳುವುದು ವಿಮರ್ಶೆಯ ಕೆಲಸವೇ.

ನವಲಗುಂದದ ಜಮಖಾನೆಯನ್ನು ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ಮನೆಯೊಳಗೇ ಮಗ್ಗ, ಒಂದೊಂದು ಎಳೆಯನ್ನೂ ಕೈಯಿಂದಲೇ ಕೂರಿಸಬೇಕು. ಭೌಗೋಳಿಕ ಗುರುತಿನ ಮಾನ್ಯತೆ ಬಂದಿದ್ದರೂ ಕೂಲಿ ಕಡಿಮೆ, ನೇಯುವವರೂ ಕಡಿಮೆಯಾಗಿದ್ದಾರೆ. ಮದುವೆಯಿಂದ ಹೊರಬಂದ ಖಾಲಾಗೆ ಕೂರಲು ಒಂದು ಜಾಗ ಕೊಟ್ಟದ್ದು ಆ ಮಗ್ಗ ಮತ್ತು ಅದನ್ನು ಬಿಟ್ಟುಕೊಟ್ಟ ಅವಳ ಅವ್ವ. ಮೆಹರುನ್‌ಗೆ ಮುಚ್ಚಿದ ಹೊಸ್ತಿಲು ಅವಳಿಗೆ ತೆರೆದಿತ್ತು ಎಂಬುದಷ್ಟೇ ಇಬ್ಬರ ನಡುವಿನ ವ್ಯತ್ಯಾಸ.

ಎರಡು ವಾರದ ನಂತರ ಆ ಹಿಂದಿನ ಬೆಂಚಿನ ಹುಡುಗಿ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಅವಳ ಅಕ್ಕನ ನಿಕಾಹನಾಮೆ. ಹೆಸರುಗಳಿದ್ದವು, ಸಾಕ್ಷಿಗಳ ಸಹಿ ಇತ್ತು, ಮೆಹರಿನ ಮೊತ್ತ ಇತ್ತು. ಷರತ್ತುಗಳಿಗೆಂದು ಬಿಟ್ಟ ಜಾಗ ಖಾಲಿ ಇತ್ತು.

“ಮೇಡಮ್, ನನ್ನದು ಮಾಡುವಾಗ ಇಲ್ಲಿ ಏನೇನ್ ಬರಸಬೌದ್ರಿ?” ಎಂದು ಕೇಳಿದಳು. ನಾವಿಬ್ಬರೂ ಸ್ಟಾಫ್ ರೂಮಿನಲ್ಲಿ ಕೂತು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದೆವು. ಓದು ಮುಂದುವರಿಸಲು ಬಿಡಬೇಕು ಎಂಬುದನ್ನು ಅವಳು ಮೊದಲು ಬರೆಸಿದಳು.